ದಿವಂಗತ ಬಿ. ಕೆ. ಎಸ್. ವರ್ಮರ ಆಶುಚಿತ್ರಕಲೆ

೨೦೨೩ನೆಯ ಇಸವಿ ಫೆಬ್ರವರಿ ೬ನೆಯ ತಾರೀಖು ಬೆಂಗಳೂರಿನಲ್ಲಿ ಪ್ರಸಿದ್ಧ ಚಿತ್ರಕಾರರಾದ ಶ್ರೀ ಬಿ. ಕೆ. ಎಸ್. ವರ್ಮ ಅವರು ದೈವಾಧೀನರಾದರು. ಅವರ ಹೆಸರನ್ನೆತ್ತಿದೊಡನೆ ಅವರ ಕೈಯ ವೇಗವನ್ನು ಕೊಂಡಾಡದವರಿಲ್ಲ. ಬರಿದಾದ ಬಟ್ಟೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದೇವತಾಮೂರ್ತಿಯೊಂದು ಕಣ್ದೆರೆಯುವುದನ್ನು ಕಂಡ ಜನರು ಬೆರಗಾದುದು ಸಹಜವೇ ಸರಿ. ಆದರೆ ಅಷ್ಟರಿಂದಲೇ ತೃಪ್ತರಾದರೆ ಅವರಿಗೆ ನ್ಯಾಯ ಸಲ್ಲಿಸಿದಂತಾಗಲಾರದೆಂದು ನನಗೆ ತೋರುತ್ತದೆ. ವೇಗವು ಹೊರಗಿನ ಲಕ್ಷಣ. ಅದರ ಹಿಂದೆ ಇದ್ದುದೇನು, ಅವರು ಹೋದ ಮೇಲೆ ನಮಗೆ ಉಳಿದುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವರ್ಮರು ೧೯೪೯ರಲ್ಲಿ ಆನೇಕಲ್ ಸೀಮೆಯ ಅತ್ತಿಬೆಲೆಗೆ ಸಮೀಪದ ಕರ್ನೂರಿನಲ್ಲಿ ಜನಿಸಿದರು. ತಂದೆ ಕೃಷ್ಣಮಾಚಾರ್ಯರು ಸಂಗೀತಜ್ಞರು; ತಾಯಿ ಜಯಲಕ್ಷ್ಮಿಯವರು ಚಿತ್ರ ಬರೆಯಬಲ್ಲವರು. ನಾದವೂ ರೇಖೆಯೂ ಹೀಗೆ ಮನೆಯಲ್ಲಿಯೇ ಕೂಡಿಬಂದುವು. ಶ್ರೀನಿವಾಸನೆಂಬ ಹೆಸರಿನ ಈ ಬಾಲಕನು ಮೈಸೂರಿನಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ಕಂಡು ಮನಸೋತು, ಆ ಮಹಾಚಿತ್ರಕಾರನ ಹೆಸರಿನ ಕೊನೆಯ ಪದವನ್ನು ತನ್ನ ಹೆಸರಿಗೆ ಸೇರಿಸಿಕೊಂಡನು. ಮುಂದೆ ಅವರು ಬೆಂಗಳೂರಿನ ಕಲಾಮಂದಿರದಲ್ಲಿ ಅ. ನ. ಸುಬ್ಬರಾಯರ ಬಳಿ ಶಿಕ್ಷಣ ಪಡೆದರು. ಸುಬ್ಬರಾಯರು ೧೯೧೯ರಲ್ಲಿ ಸ್ಥಾಪಿಸಿದ ಆ ಶಾಲೆಯು ಕನ್ನಡನಾಡಿನ ಹಳೆಯ ಚಿತ್ರಕಲಾಶಾಲೆಗಳಲ್ಲಿ ಒಂದು.

ರವಿವರ್ಮನ ಹೆಸರನ್ನು ಧರಿಸಿದುದು ಬರಿಯ ಅಭಿಮಾನವಾಗಿ ನಿಲ್ಲಲಿಲ್ಲ. ರವಿವರ್ಮನು ಅರಮನೆಗಳಿಗೆ ಚಿತ್ರ ಬರೆದುಕೊಟ್ಟವನಾದರೂ, ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಬಡವರ ಗೋಡೆಗೂ ತಲುಪಿಸಿದನು. ಅವನು ಸಿದ್ಧವಾದ ಚಿತ್ರವನ್ನು ಜನರೆಡೆಗೆ ಒಯ್ದನು. ನಮ್ಮ ವರ್ಮರು ಚಿತ್ರವು ಸಿದ್ಧವಾಗುವ ಕ್ರಮವನ್ನೇ ಜನರೆಡೆಗೆ ಒಯ್ದರು. ಚಿತ್ರಶಾಲೆಯ ಮೆಟ್ಟಿಲನ್ನು ಎಂದೂ ಹತ್ತದ ಗೃಹಸ್ಥರೂ ಗೃಹಿಣಿಯರೂ ಮಕ್ಕಳೂ, ಮೊದಲು ಅರ್ಥವಿಲ್ಲದಂತೆ ತೋರಿದ ಗೆರೆಯೊಂದು ಹುಬ್ಬಾಗುವುದನ್ನೂ, ಬಣ್ಣದ ಕಲೆಯೊಂದು ಕೆನ್ನೆಯಾಗುವುದನ್ನೂ ಪ್ರತ್ಯಕ್ಷ ಕಂಡರು. ಜನಸಾಮಾನ್ಯರಿಗೆ ಇದಕ್ಕಿಂತ ಸುಲಭವಾದ ಚಿತ್ರಪಾಠ ಮತ್ತಾವುದಿದ್ದೀತು?

ಅವರಿಗೆ ಕುಂಚವೊಂದೇ ಸಾಧನವಾಗಿರಲಿಲ್ಲ. ದಾರದಿಂದ ಚಿತ್ರವನ್ನೆಬ್ಬಿಸುತ್ತಿದ್ದರು, ಕಾಗದವನ್ನು ಉಗುರಿನಿಂದ ಒತ್ತಿ ಉಬ್ಬುಚಿತ್ರಗಳನ್ನು ಮೂಡಿಸುತ್ತಿದ್ದರು. ಗಾಯಕರು ಹಾಡುತ್ತಿರಲು ಹಾಡಿನ ಭಾವಕ್ಕೆ ತಕ್ಕ ಚಿತ್ರವನ್ನು ವೇದಿಕೆಯಲ್ಲಿಯೇ ಬರೆದು ಮುಗಿಸುತ್ತಿದ್ದರು. ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ, ಪ್ರತಿಮೆಯನ್ನರಿಯಲು ಚಿತ್ರವನ್ನೂ, ಚಿತ್ರವನ್ನರಿಯಲು ನೃತ್ತವನ್ನೂ, ಅದಕ್ಕೆ ವಾದ್ಯವನ್ನೂ, ಅದಕ್ಕೂ ಮೊದಲು ಗೀತವನ್ನೂ ತಿಳಿಯಬೇಕೆಂದು ಉಪದೇಶಿಸುತ್ತಾನೆ. ಗ್ರಂಥದಲ್ಲಿ ಓದಿ ಒಪ್ಪಿದ ಈ ಮಾತನ್ನು ಸಂಗೀತಗಾರರ ಮಗನಾದ ವರ್ಮರು ಕಣ್ಣಿಗೆ ಕಾಣಿಸಿಕೊಟ್ಟರು.

ಇವೆಲ್ಲಕ್ಕಿಂತಲೂ ವಿಶಿಷ್ಟವಾದುದು ಶತಾವಧಾನಿ ಡಾ. ರಾ. ಗಣೇಶರೊಡನೆ ಅವರು ನಡಸಿದ ಕಾವ್ಯಚಿತ್ರ. ಒಂದೆಡೆ ಕವಿಗಳು ಸ್ಥಳದಲ್ಲಿಯೇ ಛಂದೋಬದ್ಧವಾಗಿ ಪದ್ಯಗಳನ್ನು ರಚಿಸುವರು. ಮತ್ತೊಂದೆಡೆ ಚಿತ್ರಕಾರರು ಆ ಭಾವವನ್ನೇ ವರ್ಣಗಳಲ್ಲಿ ಬಿಡಿಸುವರು. ಕವಿಗೆ ಛಂದಸ್ಸಿನ ಕಟ್ಟು, ಚಿತ್ರಕಾರನಿಗೆ ಪ್ರಮಾಣದ ಕಟ್ಟು. ಸಾವಕಾಶವಾಗಿ ಅಳಿಸಿ ತಿದ್ದಲು ಇಬ್ಬರಿಗೂ ಎಡೆಯಿಲ್ಲ. ಆಶುಕವಿತೆಗೆ ನಮ್ಮಲ್ಲಿ ದೀರ್ಘವಾದ ಪರಂಪರೆಯುಂಟು. ಆಶುಚಿತ್ರವು ಅದಕ್ಕೆ ಸರಿದೊರೆಯಾಗಿ ಕನ್ನಡದ ಸಭೆಗಳಲ್ಲಿ ನಿಂತುದು ಈ ಗೋಷ್ಠಿಗಳ ಹಿರಿಮೆ.

ಇಲ್ಲಿ ಒಂದು ಆಕ್ಷೇಪವೇಳುವುದುಂಟು. ನಿಮಿಷಗಳಲ್ಲಿ ಹುಟ್ಟಿದುದು ಚಮತ್ಕಾರವೇ ಹೊರತು ಕಲೆಯಾಗಲಾರದು ಎಂಬುದೇ ಅದು. ಇದನ್ನು ಸುಮ್ಮನೆ ತಳ್ಳಿಹಾಕಲಾಗದು. ವೇದಿಕೆಯ ಮೇಲೆ ಬರೆದುದೆಲ್ಲವೂ ಒಂದೇ ತೂಕದ್ದೆಂದು ಹೇಳುವುದು ಗುರುತರವಾದ ಅಭಿಮಾನಿಗಳಿಗೂ ಕಷ್ಟವೇ. ಆದರೆ ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನಷ್ಟೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ೧೯೫೩ರ ತಮ್ಮ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಇಂಥ ವಿಚಾರಗಳನ್ನು ಕನ್ನಡಿಗರಿಗೆ ತಿಳಿಯಾಗಿ ನಿರೂಪಿಸಿರುವರು. ಈ ಮೂರರಲ್ಲಿ ಅಭ್ಯಾಸವು ಸಭೆಯವರಿಗೆ ಕಾಣುವುದಿಲ್ಲ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಂಡೆಕೊಬ್ಬರಿಯಾಗುವ ಕಾಯಿಯು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಚಿಪ್ಪನ್ನೊಡೆದು ಕೊಬ್ಬರಿ ತೆಗೆಯಲು ಕ್ಷಣ ಸಾಕು. ಆ ಕ್ಷಣವನ್ನಷ್ಟೇ ನೋಡಿದವನು ಅಟ್ಟವನ್ನರಿಯನು. ವರ್ಮರ ನಿಮಿಷಗಳ ಹಿಂದೆಯೂ ದಶಕಗಳ ಅಭ್ಯಾಸವಿದ್ದಿತು.

ಅವರಿಗೆ ೨೦೦೧ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, ೨೦೧೧ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಸಂದುವು. ಸನ್ಮಾನಗಳು ಸಂದುದು ಸಂತೋಷ. ಆದರೆ ಆಶುಚಿತ್ರಕ್ಕೆ ಸಹಜವಾದ ಒಂದು ವಿಪತ್ತುಂಟು. ಸಭೆ ಮುಗಿದೊಡನೆ ಚಿತ್ರವು ಯಾರದೋ ಮನೆಯನ್ನೋ ಸಂಸ್ಥೆಯನ್ನೋ ಸೇರುತ್ತದೆ. ಯಾವ ಹಾಡಿಗೆ, ಯಾವ ಪದ್ಯಕ್ಕೆ ಅದು ಹುಟ್ಟಿತೆಂಬುದು ಒಂದು ತಲೆಮಾರಿನೊಳಗೆ ಮರೆತುಹೋಗುತ್ತದೆ.

ಮರೆವಿನ ಫಲವೇನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ ಸೀಬಿಯ ನರಸಿಂಹದೇವಾಲಯವಿದೆ. ಕಟ್ಟಿಸಿದ ನಲ್ಲಪ್ಪನ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಮಂಟಪದ ಮೇಲ್ಛಾವಣಿಯ ವರ್ಣಚಿತ್ರಗಳನ್ನು ತಲೆಯೆತ್ತಿ ನೋಡುವ ನಾವು, ಬರೆದವರಾರೆಂದು ಕೇಳುವುದೇ ಇಲ್ಲ. ನಮ್ಮ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವಾಲಯದಲ್ಲಾದರೋ ಹೊನ್ನೋಜನೆಂಬ ಶಿಲ್ಪಿಯು ತನ್ನ ಹೆಸರನ್ನು ಕೆತ್ತಿರುವುದರಿಂದ, ಹೊಯ್ಸಳರ ಕಾಲವು ಕಳೆದು ಶತಮಾನಗಳಾದರೂ ಅವನು ನಮಗೆ ಪರಿಚಿತನಾಗಿದ್ದಾನೆ. ಒಂದು ಹೆಸರನ್ನು ಬರೆದಿಡುವುದರ ಬೆಲೆ ಇಷ್ಟು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ತೋಟದ ಯಾವ ಮರವನ್ನು ಯಾವ ಹಿರಿಯರು ನೆಟ್ಟರೆಂದು ನಾವು ಬೆರಳಿಟ್ಟು ತೋರಿಸಬಲ್ಲೆವು. ನಡುಮನೆಯ ಗೋಡೆಯಲ್ಲಿರುವ ಚಿತ್ರವನ್ನು ಯಾರು ಬರೆದರೆಂಬುದನ್ನೂ ಹಾಗೆಯೇ ಬಲ್ಲವರಾಗೋಣ. ವರ್ಮರದಾಗಲಿ, ಊರಿನ ಡ್ರಾಯಿಂಗ್ ಮೇಷ್ಟರದಾಗಲಿ, ಚಿತ್ರವೊಂದು ತಮ್ಮಲ್ಲಿದ್ದರೆ ಅದರ ಹಿಂಬದಿಯಲ್ಲಿ ಬರೆದವರ ಹೆಸರು, ಸ್ಥಳ, ಇಸವಿ, ತಿಳಿದಿದ್ದರೆ ಸಂದರ್ಭ, ಇಷ್ಟನ್ನು ಕಾಗದದಲ್ಲಿ ಬರೆದು ಅಂಟಿಸಿರಿ. ಸ್ಮಾರಕಗಳನ್ನು ಕಟ್ಟಿಸಲು ದ್ರವ್ಯ ಬೇಕು; ಇದಕ್ಕೆ ಬೇಕಾದುದು ಕೃತಜ್ಞತೆಯೊಂದೇ. ಜನರ ನಡುವೆ ನಿಂತು ಚಿತ್ರ ಬರೆದ ಕಲಾವಿದರಿಗೆ ಜನರೇ ಸಲ್ಲಿಸಬಹುದಾದ ತರ್ಪಣ ಇದು.