ಒಂದು ಸಂಖ್ಯೆಗೆ ಮೂರು ವರ್ಷದ ಭಾನುವಾರಗಳು

1903ರ ಅಕ್ಟೋಬರ್ 31. ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ. ಪ್ರಬಂಧ ಮಂಡಿಸಬೇಕಿದ್ದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಒಂದು ಮಾತನ್ನೂ ಆಡದೆ ಕರಿಹಲಗೆಯತ್ತ ನಡೆದರು. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರು. ಉತ್ತರ 21 ಅಂಕಿಗಳ ಸಂಖ್ಯೆ: 147573952589676412927. ಹಲಗೆಯ ಇನ್ನೊಂದು ಬದಿಯಲ್ಲಿ 193707721 ಮತ್ತು 761838257287 ಎಂಬ ಎರಡು ಸಂಖ್ಯೆಗಳನ್ನು ಬರೆದು ಗುಣಿಸಿದರು. ಅದೇ ಉತ್ತರ! ಕೋಲ್ ಮೌನವಾಗಿಯೇ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಇದು ಗಣಿತಜ್ಞ ಇ.ಟಿ. ಬೆಲ್ ಬರೆದಿಟ್ಟಿರುವ ವೃತ್ತಾಂತ.

ಬರೀ ಗುಣಾಕಾರಕ್ಕೆ ಚಪ್ಪಾಳೆ ಏಕೆ? ಒಂದು ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ. ಕೋಲ್ ಬರೆದ 21 ಅಂಕಿಗಳ ಸಂಖ್ಯೆಯೂ ಅವಿಭಾಜ್ಯವೆಂದು ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಸಾರಿದ್ದರು. 1876ರಲ್ಲಿ ಫ್ರಾನ್ಸಿನವರೇ ಆದ ಎಡ್ವರ್ಡ್ ಲ್ಯೂಕಾಸ್ ಅದು ತಪ್ಪೆಂದು ತೋರಿಸಿದರು. ಆದರೆ ಅವರ ಪರೀಕ್ಷೆಯಿಂದ ಅಪವರ್ತನಗಳು ತಿಳಿಯಲಿಲ್ಲ. ಮನೆಯೊಳಗೆ ಕಳ್ಳನಿದ್ದಾನೆ ಎಂಬುದು ಖಚಿತವಾಯಿತು. ಅವನು ಯಾರೆಂಬುದು ಮಾತ್ರ ಗೊತ್ತಾಗಲಿಲ್ಲ.

ಹುಡುಕುವುದಕ್ಕೆ ಒಂದು ಜರಡಿ ಇತ್ತು. ಈ ಸಂಖ್ಯೆಯ ಯಾವುದೇ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು. ಹಾಗೆ ಸೋಸಿದರೂ 19 ಕೋಟಿ ದಾಟಿದ ಮೊದಲ ಅಪವರ್ತನವನ್ನು ಮುಟ್ಟುವಷ್ಟರಲ್ಲಿ 14 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ಎದುರಾಗುತ್ತವೆ. ಕಂಪ್ಯೂಟರ್ ಇಲ್ಲದ ಕಾಲ. ಕೋಲ್ ಇನ್ನಷ್ಟು ಸೂಕ್ಷ್ಮ ಜರಡಿಗಳನ್ನು ಬಳಸಿ ಕೈಲೆಕ್ಕದಲ್ಲೇ ಅದನ್ನು ಹಿಡಿದರು. ಎಷ್ಟು ಸಮಯ ಬೇಕಾಯಿತೆಂದು 1911ರಲ್ಲಿ ಬೆಲ್ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದು ಕೋಲ್ ಉತ್ತರಿಸಿದರಂತೆ.

ಉತ್ತರ ಸಿಕ್ಕ ಮೇಲೆ ಅದನ್ನು ತಾಳೆ ನೋಡಲು ಹಲಗೆಯ ಮೇಲಿನ ಒಂದು ಗುಣಾಕಾರ ಸಾಕಾಯಿತು. ಕೂಡಿಸಿ ಕಟ್ಟುವುದು ಸುಲಭ, ಬಿಡಿಸುವುದು ಕಷ್ಟ ಎಂಬ ಈ ಅಂತರವೇ ಮುಂದೆ ಬಳಕೆಗೆ ಬಂತು. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಆಡ್ಲ್‌ಮನ್ ಎಂಬ ಮೂವರು ಇದನ್ನೇ ಆಧರಿಸಿ ಗೂಢಲಿಪಿಯೊಂದನ್ನು ರೂಪಿಸಿದರು. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಬಹುದು. ಆ ಎರಡನ್ನು ಬಲ್ಲವರು ಮಾತ್ರ ಸಂದೇಶ ಓದಬಲ್ಲರು. ಇಂಟರ್‌ನೆಟ್ ಮೂಲಕ ಹರಿಯುವ ಹಣ ಮತ್ತು ಗುಟ್ಟುಗಳನ್ನು ಕಾಯುವಲ್ಲಿ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಕೋಲ್ ಅವರ ಸಂಖ್ಯೆಯನ್ನು ಇಂದಿನ ಸಾಧಾರಣ ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಒಡೆಯುತ್ತದೆ. ಹಾಗಾಗಿ ಬೀಗಕ್ಕೆ ಬಳಸುವ ಸಂಖ್ಯೆಗಳು ಈಗ 600 ಅಂಕಿಗಳನ್ನೂ ಮೀರಿವೆ. ಅವುಗಳನ್ನು ಬಿಡಿಸುವ ಸುಲಭದ ದಾರಿಯೇ ಇಲ್ಲವೆಂದು ಮಾತ್ರ ಇದುವರೆಗೆ ಯಾರೂ ಸಾಧಿಸಿ ತೋರಿಸಿಲ್ಲ.