ಹೊಕ್ಕುಳಬಳ್ಳಿ ರಕ್ತ: ಕಸಿಯ ನಂತರದ ನೂರು ದಿನ

ಹೊಕ್ಕುಳಬಳ್ಳಿ ರಕ್ತದ ಕಸಿಯ ಕಾಲ ಮುಗಿಯಿತು ಎಂಬ ಮಾತು ಈಗ ಸಮ್ಮೇಳನಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಕಾರಣವೂ ಸಿದ್ಧವಾಗಿರುತ್ತದೆ: ಆ ರಕ್ತದ ರೋಗನಿರೋಧಕ ಕೋಶಗಳು ಎಳಸು, ತಿಂಗಳುಗಟ್ಟಲೆ ಚೇತರಿಸಿಕೊಳ್ಳುವುದಿಲ್ಲ, ಅಷ್ಟರಲ್ಲಿ ವೈರಸ್ ರೋಗಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಈ ಕ್ಷೇತ್ರದಲ್ಲೇ ಬಹುಕಾಲ ಕಳೆದ ನನಗೆ ಇದರಲ್ಲಿ ಅರ್ಧದಷ್ಟೇ ನಿಜ ಕಾಣುತ್ತದೆ. ಎಷ್ಟೋ ರೋಗಿಗಳಲ್ಲಿ ಆ ಕೋಶಗಳನ್ನು ಏಳಗೊಡದೆ ತಡೆದದ್ದು ಕಸಿಗೆ ಮುನ್ನ ಕೊಟ್ಟ ಔಷಧಿ.

1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಫ್ಯಾಂಕೋನಿ ಅನೀಮಿಯಾದ ಬಾಲಕನಿಗೆ ಅವನ ತಂಗಿಯ ಹೊಕ್ಕುಳಬಳ್ಳಿ ರಕ್ತ ಕೊಟ್ಟರು. ಅದನ್ನು ಪರೀಕ್ಷಿಸಿ ಕಾಪಿಟ್ಟವರು ಇಂಡಿಯಾನಾದ ಹ್ಯಾಲ್ ಬ್ರಾಕ್ಸ್‌ಮೇಯರ್. ಮುಂದೆ ನ್ಯೂಯಾರ್ಕಿನಲ್ಲಿ ಪಾಬ್ಲೊ ರುಬಿನ್‌ಸ್ಟೈನ್ ಸಾರ್ವಜನಿಕ ಬ್ಯಾಂಕ್ ಕಟ್ಟಿದರು, 1993ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋನ್ ಕರ್ಟ್ಸ್‌ಬರ್ಗ್ ಸಂಬಂಧಿಕರಲ್ಲದವರ ರಕ್ತ ಬಳಸಿದರು. ಆಗ ಎಲ್ಲರ ಗಮನ ರಕ್ತ ಹುಟ್ಟುತ್ತದೆಯೇ ಎಂಬುದರ ಮೇಲೆ. ಒಂದು ಶಿಶುವಿನ ರಕ್ತದ ಚೀಲದಲ್ಲಿರುವ ಕೋಶಗಳು ಅಸ್ಥಿಮಜ್ಜೆಯ ಕಸಿಯಲ್ಲಿರುವುದರ ಹತ್ತನೇ ಒಂದರಷ್ಟು ಮಾತ್ರ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಏರಲು ಮೂರು ನಾಲ್ಕು ವಾರ ಬೇಕು. ಕೊರತೆ ತುಂಬಲು ಮಿನೆಸೋಟದ ಜೂಲಿಯೆಟ್ ಬಾರ್ಕರ್ ಮತ್ತು ಜಾನ್ ವ್ಯಾಗ್ನರ್ ಇಬ್ಬರು ಶಿಶುಗಳ ರಕ್ತವನ್ನು ಒಟ್ಟಿಗೆ ಕೊಟ್ಟರು. ಕೊನೆಗೆ ನೆಲೆಯೂರುತ್ತಿದ್ದುದು ಸಾಮಾನ್ಯವಾಗಿ ಒಂದೇ. ಗೆದ್ದ ರಕ್ತದ ಸಿಡಿ8 ಟಿ ಕೋಶಗಳು ಇನ್ನೊಂದರ ಮೇಲೆ ಎರಗುತ್ತಿವೆ ಎಂದು 2010ರಲ್ಲಿ ಸಿಯಾಟಲ್ ತಂಡ ತೋರಿಸಿತು. ಈ ಶೋಧಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ: ಎಳಸು ಎನಿಸಿಕೊಂಡ ಕೋಶಗಳು ಕೆಲವೇ ವಾರಗಳಲ್ಲಿ ಪರಕೀಯವನ್ನು ಗುರುತಿಸಿದ್ದವು.

ಕಸಿಯ ನಂತರ ಮೊದಲು ಏಳುವವು ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು, ಒಂದೆರಡು ತಿಂಗಳಲ್ಲಿ. ಬಿ ಕೋಶಗಳು ಆರು ತಿಂಗಳ ಹೊತ್ತಿಗೆ, ಹಲವೊಮ್ಮೆ ಸಾಮಾನ್ಯ ಮಟ್ಟವನ್ನೂ ಮೀರಿ. ಟಿ ಕೋಶಗಳದ್ದೇ ಚಿಂತೆ. ವಯಸ್ಕ ದಾನಿಯ ಟಿ ಕೋಶಗಳಲ್ಲಿ ಹಿಂದಿನ ಸೋಂಕುಗಳ ನೆನಪಿರುತ್ತದೆ; ಶಿಶುವಿನವು ಯಾವ ವೈರಸ್ಸನ್ನೂ ಕಂಡವಲ್ಲ. ಹೊಸವು ಥೈಮಸ್‌ನಲ್ಲಿ ತಯಾರಾಗಬೇಕು. ಅದು ವಯಸ್ಕರಲ್ಲಿ ಕುಗ್ಗಿರುತ್ತದೆ. 2007ರಲ್ಲಿ ಹ್ಯೂಸ್ಟನ್ನಿನ ಕೃಷ್ಣ ಕೊಮಂಡೂರಿ ತಂಡ ಈ ಕುಂಠಿತ ಥೈಮಸ್ಸನ್ನು ಅಳೆದು ತೋರಿಸಿದ ಮೇಲೆ ವಿಷಯ ಇತ್ಯರ್ಥವಾಯಿತೆಂದು ಅನೇಕರು ಭಾವಿಸಿದರು.

ಆದರೆ ಆ ದಿನಗಳಲ್ಲಿ ಹಲವು ಕೇಂದ್ರಗಳಲ್ಲಿ ಕಸಿಗೆ ಮುನ್ನ ಎಟಿಜಿ (ಆಂಟಿ-ಥೈಮೊಸೈಟ್ ಗ್ಲಾಬ್ಯುಲಿನ್) ಕೊಡುವುದು ವಾಡಿಕೆಯಾಗಿತ್ತು. ಸಾಮಾನ್ಯವಾಗಿ ಮೊಲದಿಂದ ಪಡೆಯುವ ಈ ಪ್ರತಿಕಾಯ ವಾರಗಟ್ಟಲೆ ರಕ್ತದಲ್ಲಿ ಉಳಿದು, ರೋಗಿಯ ಟಿ ಕೋಶಗಳ ಜೊತೆಗೆ ಹೊಸದಾಗಿ ಬಂದವನ್ನೂ ಕೊಲ್ಲುತ್ತದೆ. 2012ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ರಾಬರ್ಟ್ ಕಿಯೇಸಾ, ಪಾಲ್ ವೇಯ್ಸ್ ಮತ್ತು ಸಂಗಡಿಗರು ಎಟಿಜಿ ಬಿಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಮಕ್ಕಳಲ್ಲಿ ಸಿಡಿ4 ಟಿ ಕೋಶಗಳು ಥೈಮಸ್ಸಿಗೆ ಕಾಯದೆ ಬೇಗ ಬೆಳೆದವು, ಅದೂ ತಮ್ಮ ಎಳೆತನ ಉಳಿಸಿಕೊಂಡೇ. ಉಟ್ರೆಕ್ಟ್‌ನ ಯಾಪ್ ಯಾನ್ ಬೂಲೆನ್ಸ್ ಮತ್ತು ರಿಕ್ ಅಡ್ಮಿರಾಲ್ ಇನ್ನೂ ಮುಂದೆ ಹೋಗಿ ಔಷಧಿಯ ಉಳಿಕೆಯನ್ನೇ ಅಳೆದರು. ತೂಕವೊಂದನ್ನೇ ನೋಡಿ ಎಟಿಜಿ ಕೊಡುವುದು ತಪ್ಪು, ರೋಗಿಯಲ್ಲಿ ಎಷ್ಟು ಲಿಂಫೊಸೈಟ್ ಇವೆ ಎಂದೂ ನೋಡಬೇಕು ಎಂಬುದು ಅವರ ತೀರ್ಮಾನ. ಹೊಕ್ಕುಳಬಳ್ಳಿ ರಕ್ತಕ್ಕಂತೂ ಅಲ್ಪ ಉಳಿಕೆಯೂ ಮಾರಕ. ನೂರು ದಿನದೊಳಗೆ ಮೈಕ್ರೊಲೀಟರಿಗೆ 50ಕ್ಕಿಂತ ಹೆಚ್ಚು ಸಿಡಿ4 ಕಂಡ ಮಕ್ಕಳು ಬದುಕುಳಿಯುವ ಸಾಧ್ಯತೆ ಹೆಚ್ಚು. ನಮ್ಮ ಕ್ಷೇತ್ರ ಕಂಡ ಅತಿ ಉಪಯುಕ್ತ ಕೆಲಸವಿದು ಎಂದೇ ನನ್ನ ಅಭಿಪ್ರಾಯ. ಎಟಿಜಿ ಬಿಟ್ಟರೆ ಕಸಿಯ ಕೋಶಗಳು ರೋಗಿಯ ದೇಹದ ಮೇಲೆ ತೀವ್ರವಾಗಿ ತಿರುಗಿಬೀಳುವ (ಜಿವಿಎಚ್‌ಡಿ) ಅಪಾಯ ಹೆಚ್ಚುತ್ತದೆ, ಅದನ್ನು ಮರೆಯುವಂತಿಲ್ಲ. ಜಪಾನಿನಲ್ಲಿ ಮಾತ್ರ ವಯಸ್ಕರಿಗೂ ಸಾಮಾನ್ಯವಾಗಿ ಎಟಿಜಿ ಇಲ್ಲದೆಯೇ ಸಾವಿರಾರು ಕಸಿಗಳಾಗಿವೆ.

ಈ ಕೋಶಗಳ ಸ್ವಭಾವವೇ ಬೇರೆ. ಭ್ರೂಣದ ಟಿ ಕೋಶಗಳು ತಾಯಿಯ ಕೋಶಗಳನ್ನು ಸಹಿಸಿಕೊಳ್ಳುವ ದಾರಿಗೆ ತಿರುಗುತ್ತವೆಂದು ಜೆಫ್ ಮೋಲ್ಡ್ ಮತ್ತು ಮೈಕ್ ಮೆಕ್‌ಕ್ಯೂನ್ 2008ರಲ್ಲಿ ತೋರಿಸಿದರು. ದಾನಿ ಮತ್ತು ರೋಗಿಯ ಅಂಗಾಂಶ ಗುರುತು (ಎಚ್‌ಎಲ್‌ಎ) ಪೂರ್ತಿ ಹೊಂದದಿದ್ದರೂ ಈ ಕಸಿಯಲ್ಲಿ ದೀರ್ಘಕಾಲದ ಜಿವಿಎಚ್‌ಡಿ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು. ಹಾಗೆಂದು ಅವು ಲ್ಯುಕೇಮಿಯಾವನ್ನು ಸಹಿಸುವುದಿಲ್ಲ. ಸಿಯಾಟಲ್‌ನ ಫಿಲಿಪ್ಪೊ ಮಿಲಾನೊ 582 ರೋಗಿಗಳನ್ನು ಪರಿಶೀಲಿಸಿ 2016ರಲ್ಲಿ ಬರೆದಂತೆ, ಕಸಿಗೆ ಮುನ್ನ ಲ್ಯುಕೇಮಿಯಾದ ಶೇಷ ಉಳಿದಿದ್ದವರಲ್ಲಿ ರೋಗ ಮರುಕಳಿಸುವುದು ಹೊಕ್ಕುಳಬಳ್ಳಿ ರಕ್ತ ಪಡೆದವರಲ್ಲೇ ಕಡಿಮೆ.

ಇನ್ನು ಹೊಕ್ಕುಳಬಳ್ಳಿ ರಕ್ತಕ್ಕೆ ಪ್ರತಿಕೂಲವಾದ ಅಂಕಿಗಳು: 2021ರ ಅಮೆರಿಕದ ಒಂದು ಪ್ರಯೋಗದಲ್ಲಿ ಅರ್ಧ ಹೊಂದಾಣಿಕೆಯ ಸಂಬಂಧಿಕರ ಮಜ್ಜೆ ಪಡೆದ ವಯಸ್ಕರಲ್ಲಿ ಎರಡು ವರ್ಷ ಬದುಕಿದವರು ಶೇ. 57, ಎರಡು ಶಿಶುಗಳ ರಕ್ತ ಪಡೆದವರಲ್ಲಿ ಶೇ. 46. ಈ ಅಂತರ ನಿಜ. ಆದರೆ ಅದು ಮಕ್ಕಳ ಬಗ್ಗೆ, ಒಂದೇ ಶಿಶುವಿನ ರಕ್ತದ ಬಗ್ಗೆ ಏನನ್ನೂ ಹೇಳುವುದಿಲ್ಲ. 2014ರಲ್ಲೇ ಮಕ್ಕಳಲ್ಲಿ ಎರಡಕ್ಕಿಂತ ಒಂದು ಕಡಿಮೆಯೇನಲ್ಲ ಎಂದು ಸಾಬೀತಾಗಿತ್ತು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಹೊಕ್ಕುಳಬಳ್ಳಿ ರಕ್ತದಿಂದಲೇ ತಯಾರಿಸುವ ಒಮಿಡುಬಿಸೆಲ್ ನ್ಯೂಟ್ರೋಫಿಲ್ ಏರುವ ಅವಧಿಯನ್ನು 22 ದಿನದಿಂದ 12ಕ್ಕೆ ಇಳಿಸಿದೆ.

ಭಾರತದಲ್ಲಿ ಈ ರಕ್ತದ ಮಾತು ಖಾಸಗಿ ಬ್ಯಾಂಕುಗಳ ಜಾಹೀರಾತಿನಲ್ಲೇ ನಿಂತಿದೆ. ಸ್ವಂತ ಬಳಕೆಗೆಂದು ಶೇಖರಿಸಲು ವೈಜ್ಞಾನಿಕ ಆಧಾರವಿಲ್ಲ ಎಂದು ಐಸಿಎಂಆರ್ ಹೇಳಿಯಾಗಿದೆ. ಕಸಿಯ ವಿಷಯದಲ್ಲಿ ಉಟ್ರೆಕ್ಟ್, ಲಂಡನ್, ಸಿಯಾಟಲ್‌ಗಳ ಅಂಕಿಗಳನ್ನೇ ನಾವು ಎರವಲು ತರುತ್ತೇವೆ. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಬಾಲ್ಯದಲ್ಲೇ ಸೈಟೊಮೆಗಲೊ ವೈರಸ್ ಪಡೆದವರು. ಮಕ್ಕಳಿಗೆ ಹುಟ್ಟಿದಾಗಲೇ ಬಿಸಿಜಿ ಹಾಕಿರುತ್ತದೆ. ಕ್ಷಯ ಸುತ್ತಲೂ ಇದೆ. ಇಂಥವರಲ್ಲಿ ಸಿಡಿ4ನ ಆ 50ರ ಗೆರೆ ಸಾಕೇ, 100ನೇ ದಿನ ತೀರಾ ತಡವೇ? ಉತ್ತರ ನಮ್ಮಲ್ಲೇ ಹುಡುಕಬಹುದು: ಎಚ್‌ಐವಿ ಚಿಕಿತ್ಸೆಗಾಗಿ ಸಿಡಿ4 ಎಣಿಸುವ ಯಂತ್ರಗಳು ಎಷ್ಟೋ ಜಿಲ್ಲೆಗಳ ಎಆರ್‌ಟಿ ಕೇಂದ್ರಗಳಿಗೆ ಬಂದು ವರ್ಷಗಳಾದವು. ಕಸಿಯಾದ ಮಗು ಮನೆಗೆ ಮರಳಿದ ಮೇಲೂ ಎರಡು ವಾರಕ್ಕೊಮ್ಮೆ ಅಲ್ಲಿ ರಕ್ತ ಕೊಡಬಹುದು, ಎಣಿಕೆ ಕಸಿ ಕೇಂದ್ರಕ್ಕೆ ತಲುಪಬಹುದು.