ಕನ್ನಡದಲ್ಲಿ ಅನ್ಯಗ್ರಹದವರ ಕಥೆ: ಒಂದು ಸಮೀಕ್ಷೆ

ಅನ್ಯಗ್ರಹದವರು ಭೂಮಿಗೆ ದಂಡೆತ್ತಿ ಬರುವ ಕಾದಂಬರಿಗಳಲ್ಲಿ ಎರಡು ಬಗೆ. ಎಚ್.ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಮೊದಲ ಬಗೆಯದು. ಮಂಗಳದವರು ಏಕಾಏಕಿ ಬಂದಿಳಿಯುತ್ತಾರೆ, ಮನುಷ್ಯರಿಗೆ ಓಡಲಿಕ್ಕೂ ಪುರುಸೊತ್ತಿಲ್ಲ. ಎರಡನೆಯದು ಸಿದ್ಧತೆಯ ಕಾದಂಬರಿ; ಅದಕ್ಕೆ ಚೀನಾದ ಲಿಯು ಸಿಶಿನ್ ಬರೆದ ‘ದಿ ಡಾರ್ಕ್ ಫಾರೆಸ್ಟ್’ (2008) ಒಳ್ಳೆಯ ಮಾದರಿ. ಅಲ್ಲಿ ಶತ್ರುಪಡೆ ಹೊರಟಾಗಿದೆ, ಆದರೆ ತಲುಪಲು ನಾಲ್ಕು ಶತಮಾನ ಬೇಕು. ಭೂಮಿಯ ಮಾತುಕತೆಯೆಲ್ಲ ಅವರ ಕಿವಿಗೆ ಬೀಳುವುದರಿಂದ, ಯುದ್ಧತಂತ್ರವನ್ನು ಯಾರಿಗೂ ಹೇಳದೆ ತಲೆಯೊಳಗೇ ಹೆಣೆಯಲು ನಾಲ್ವರನ್ನು ನೇಮಿಸಲಾಗುತ್ತದೆ. ಸಭೆ, ಹಣಕಾಸು, ಹತಾಶೆ ಇವೇ ಕಥೆಯ ಹೂರಣ.

ಇಂಥ ಕೃತಿಗಳನ್ನು ತೋರಿಸಿ, ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಯೇ ಇಲ್ಲ ಎನ್ನುವುದು ಈಗಿನ ರೂಢಿ. ಅದು ಓದದವರ ತೀರ್ಪು.

ಕನ್ನಡದಲ್ಲಿ ಆಕಾಶ ಮೊದಲು ಪಾಠವಾಗಿ ಬಂತು. ಬೆಳ್ಳಾವೆ ವೆಂಕಟನಾರಣಪ್ಪನವರ ಕಾಲದ ‘ವಿಜ್ಞಾನ’ ಪತ್ರಿಕೆ, ಶಿವರಾಮ ಕಾರಂತರ ‘ಬಾಲಪ್ರಪಂಚ’, ಆರ್.ಎಲ್. ನರಸಿಂಹಯ್ಯನವರ ಖಗೋಳ ಪುಸ್ತಕಗಳು ನೆಲ ಹದ ಮಾಡಿದವು. 1978ರಲ್ಲಿ ಶುರುವಾದ ‘ಬಾಲವಿಜ್ಞಾನ’ ಅದೇ ಸಾಲಿನದು. ಕಲ್ಪನೆಗಿಂತ ತಿಳಿವಳಿಕೆಗೇ ಮಣೆ ಹಾಕುವ ಈ ಶಿಸ್ತು ಮುಂದಿನ ಕಥೆಗಾರರ ಬೆನ್ನನ್ನೂ ಬಿಡಲಿಲ್ಲ.

ಕಥೆಗೆ ಜೀವ ಬಂದದ್ದು ವಾರಪತ್ರಿಕೆಗಳ ಮತ್ತು ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳ ಕಾಲದಲ್ಲಿ. ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಅಂಥ ಅಂಗಡಿಗಳಲ್ಲಿ ಪತ್ತೇದಾರಿಯ ಪಕ್ಕದಲ್ಲೇ ವೈಜ್ಞಾನಿಕ ಕಥೆಗಳಿಗೂ ಜಾಗವಿತ್ತು. ರಾಜಶೇಖರ ಭೂಸನೂರಮಠರು ‘ಮನ್ವಂತರ’, ‘ಆಪರೇಷನ್ ಯುಎಫ್ಓ’ಗಳ ಮೂಲಕ ಈ ಪ್ರಕಾರವನ್ನೇ ತಮ್ಮ ಮುಖ್ಯ ಕಸುಬಾಗಿಸಿಕೊಂಡರು. ಅವರಿಗೆ ಸಲ್ಲಬೇಕಾದ ವಿಮರ್ಶೆ ಇನ್ನೂ ಸಂದಿಲ್ಲ. ‘ಮನು’ ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ಅನ್ಯಲೋಕದ ನಂಟಿನ ಕಥೆಯಾಗಿ ಓದಿತು. ಓದುಗರನ್ನು ಸೆಳೆದ ದಾರಿಯೇನೋ ಹೌದು. ಆದರೆ ಬಂದವರು ಬಂದುಹೋಗಿ ಯುಗಗಳೇ ಕಳೆದ ಕಥೆಯಲ್ಲಿ ಸಿದ್ಧತೆಯ ಪ್ರಶ್ನೆ ಏಳುವುದಿಲ್ಲ.

ಪೂರ್ಣಚಂದ್ರ ತೇಜಸ್ವಿ ‘ಫ್ಲೈಯಿಂಗ್ ಸಾಸರ್ಸ್’ ಪುಸ್ತಕದ ಎರಡು ಭಾಗಗಳಲ್ಲಿ ಹಾರುವ ತಟ್ಟೆ ಕಂಡವರ ಹೇಳಿಕೆಗಳನ್ನು ಕಲೆಹಾಕಿದರು. ಆದರೆ ಈ ಪ್ರಕಾರಕ್ಕೆ ಅವರಿಂದ ಸಿಕ್ಕ ದೊಡ್ಡ ಕೊಡುಗೆ, ಅನ್ಯಗ್ರಹದ ಸುದ್ದಿಯೇ ಇಲ್ಲದ ‘ಕರ್ವಾಲೊ’ (1980). ಕಂಡವರೇ ವಿರಳವಾದ ಹಾರುವ ಓತಿಗಾಗಿ ವಿಜ್ಞಾನಿ ಕರ್ವಾಲೊ, ಮಂದಣ್ಣ, ಕರಿಯಪ್ಪ, ಪ್ರಭಾಕರ ಒಟ್ಟಿಗೆ ಕಾಡು ಹೊಗುತ್ತಾರೆ. ಊರವರ ಕಣ್ಣಿಗೆ ಉಡಾಳನಾದ ಮಂದಣ್ಣನಲ್ಲಿ ಕರ್ವಾಲೊ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಕಾದಂಬರಿಯ ಬಹುಪಾಲು ಆ ಭೇಟಿಯ ತಯಾರಿಯೇ. ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಅಪರಿಚಿತ ಜೀವಿಯನ್ನು ಎದುರುಗೊಳ್ಳಲು ಎಂಥ ತಂಡ ಬೇಕು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈಚಿನ ದಶಕಗಳಲ್ಲಿ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು ವಿಜ್ಞಾನವನ್ನು ಇತಿಹಾಸದ ಒಗಟಿಗೆ ಜೋಡಿಸಿ ದೊಡ್ಡ ಓದುಗವರ್ಗ ಗಳಿಸಿವೆ. ಅವುಗಳ ದೃಷ್ಟಿ ಹೆಚ್ಚಾಗಿ ನೆಲದೊಳಕ್ಕೆ, ಹಿಂದಕ್ಕೆ.

ಸಿದ್ಧತೆಯ ಕಾದಂಬರಿ ಮಾತ್ರ ಕನ್ನಡದಲ್ಲಿ ಬೇರೂರಲಿಲ್ಲ. ಸಾಮಗ್ರಿಯ ಕೊರತೆ ಇದಕ್ಕೆ ಕಾರಣವಲ್ಲ. ಚಂದ್ರಯಾನ-1ಕ್ಕಾಗಿ 2008ರಲ್ಲಿ ಸಜ್ಜಾದ 32 ಮೀಟರ್ ವ್ಯಾಸದ ಆಂಟೆನಾ ಇರುವುದು ಕೆಂಗೇರಿಯಾಚೆಯ ಬ್ಯಾಲಾಳಿನಲ್ಲಿ. ಇಸ್ರೋದ ನಿಯಂತ್ರಣ ಕೇಂದ್ರ ಪೀಣ್ಯದಲ್ಲಿ. 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರುವ ಹೊತ್ತಿನಲ್ಲಿ ಇಸ್ರೋದ ಮಂಗಳನೌಕೆ ಗ್ರಹದ ಮರೆಗೆ ಸರಿದಾಗ ಸಂಕೇತ ಕಡಿದುಹೋಯಿತು. ಮರೆಯಿಂದ ಹೊರಬಂದು ಅದು ಕಳಿಸಿದ ಸುದ್ದಿಯೂ ಭೂಮಿ ಮುಟ್ಟಲು ಸುಮಾರು 12 ನಿಮಿಷ ಬೇಕಿತ್ತು. ಪೀಣ್ಯದ ಎಂಜಿನಿಯರುಗಳು ಕಾದು ಕುಳಿತ ಆ ಹೊತ್ತಿನಲ್ಲೇ ಒಂದು ಕಾದಂಬರಿಗೆ ಬೇಕಾದ ಬಿಗಿ ಇದೆ.

ಪತ್ರಿಕೆಗಳ ಹಳೆಯ ಧಾರಾವಾಹಿಗಳ ಸಮಗ್ರ ಸೂಚಿ, ಮುಖ್ಯ ಕೃತಿಗಳ ಮರುಮುದ್ರಣ, ‘ಜನಪ್ರಿಯ’ ಎಂಬ ಹಣೆಪಟ್ಟಿ ಹಚ್ಚಿ ಬದಿಗಿಡದ ವಿಮರ್ಶೆ—ಈ ಮೂರೂ ಆಗಬೇಕಾದ ಕೆಲಸಗಳು. ಹಿಂದಿನವರು ಎಲ್ಲಿಯವರೆಗೆ ಬಂದಿದ್ದರೆಂಬುದು ತಿಳಿಯದೆ, ಹೊಸಬರು ಪ್ರತಿ ಸಲ ಮೊದಲಿನಿಂದಲೇ ತೊಡಗಬೇಕಾಗಿದೆ.